ಬುಗುರಿ ನಿಂತ ಅಂಗಳ

ಹೆತ್ತವರು ಇಟ್ಟ ಹೆಸರೊಂದು ಅವಳಿಗೂ ಇತ್ತು. ಅದು ಆಸ್ಪತ್ರೆಯ ಹಾಜರಿ ಪುಸ್ತಕದೊಳಗೆ ಮಾತ್ರ ಜೀವ ಹಿಡಿದುಕೊಂಡಿತ್ತು. ಉಳಿದಂತೆ ದೊಡ್ಡ ಡಾಕ್ಟರಿಂದ ಹಿಡಿದು ಕಸ ಗುಡಿಸುವವರವರೆಗೆ ಎಲ್ಲರಿಗೂ ಆಕೆ ಬುಗುರಿ, ಕಿರಿಯರಿಗೆ ಬುಗುರಮ್ಮ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳೆಂದು ಜನ ಆಡಿಕೊಳ್ಳುತ್ತಿದ್ದರು. ಊಟವನ್ನು ನಿಂತೇ ಮಾಡುವಳು, ಮಾತನ್ನು ನಡೆಯುತ್ತಲೇ ಆಡುವಳು. ಕೇಳಿದ ಪ್ರಶ್ನೆಗೆ ಎದುರಿನವರು ಉತ್ತರ ಕೊಡುವಷ್ಟರಲ್ಲಿ ಮುಂದಿನ ಮೂಲೆ ಸೇರಿರುವಳು. ಇಂಥವಳಿಗೆ ದೈವ ಗಂಟು ಹಾಕಿದ್ದು ಒಬ್ಬ ದರ್ಜಿಯನ್ನು. ಬೆಳಿಗ್ಗೆ ಹೊಲಿಗೆ ಯಂತ್ರದ ಮುಂದೆ ಕುಳಿತನೆಂದರೆ ದೀಪ ಹಚ್ಚುವವರೆಗೆ ಪಾದಗಳೆರಡನ್ನು ಬಿಟ್ಟು ಅವನ ಮೈಯಲ್ಲಿ ಬೇರೇನೂ ಅಲುಗುತ್ತಿರಲಿಲ್ಲ.

"ನಮ್ಮ ಸಂಸಾರ ಸೂಜಿ-ದಾರದ್ದು," ಎಂದು ಅವನು ಗಿರಾಕಿಗಳ ಮುಂದೆ ಹೇಳುವನು. "ನಾನು ದಾರದುಂಡೆ, ಇದ್ದಲ್ಲೇ ಇರ್ತೀನಿ. ಅವಳು ಸೂಜಿ, ಎಲ್ಲರನ್ನೂ ಚುಚ್ಕೊಂಡು ಬರ್ತಾಳೆ."

"ಸೂಜಿ ಓಡದಿದ್ರೆ ನಿಮ್ಮ ದಾರ ಉಂಡೆಯಾಗೇ ಮುದಿಯಾಗ್ತಿತ್ತು ಕಣ್ರೀ," ಎನ್ನುವ ಉತ್ತರ ಒಳಗಿನ ಕೋಣೆಯಿಂದ ಹೊರಟು, ಮುಗಿಯುವ ವೇಳೆಗೆ ಬೀದಿಯ ತಿರುವಿನಿಂದ ಕೇಳಿಸುತ್ತಿತ್ತು.

ಇಪ್ಪತ್ತೆರಡು ವರ್ಷಗಳ ಹಿಂದೆ ಆಕೆ ಆಸ್ಪತ್ರೆಗೆ ಸೇರಿದ್ದು ಆಯಾ ಆಗಿ. ಆದರೆ ರೋಗಿಯ ಮಗ್ಗುಲಲ್ಲಿ ಗಳಿಗೆ ಹೊತ್ತು ನಿಲ್ಲದ ಆಯಾಳನ್ನು ಕಟ್ಟಿಕೊಂಡು ಯಾರು ಏಗಿಯಾರು? ಆಗಿನ್ನೂ ಎಳೆಯ ನರ್ಸಾಗಿದ್ದ, ಈಗ ಎಲ್ಲರೂ ದೊಡ್ಡ ಸಿಸ್ಟರ್ ಎಂದು ಅಂಜುವ ಹೆಂಗಸು ಒಂದು ದಿನ ರೇಗಿ, "ಸುತ್ತೋದೇ ಆದ್ರೆ ಆ ಅಂಗಳದಲ್ಲಿ ಸುತ್ತು ಹೋಗು!" ಎಂದು ಹೊರಗಟ್ಟಿದಳು. ಅಂಗಳವೆಂಬುದು ಹೆಸರಿಗೆ ಮಾತ್ರ. ನಾಲ್ಕೂ ಕಡೆ ಮೂರಂತಸ್ತಿನ ಗೋಡೆ, ನಡುವೆ ಮುರಿದ ಮಂಚಗಳು, ತುಕ್ಕು ಹಿಡಿದ ಗ್ಲೂಕೋಸ್ ಕಂಬಗಳು. ಬಿಸಿಲೆಂಬುದು ನಡುಹಗಲು ಎರಡು ತಾಸು ಇಣುಕಿ ಹೋಗುವ ಅತಿಥಿ. ಬುಗುರಿ ಮಂಚಗಳನ್ನು ಸಾಗಿಸಿದಳು, ಮಣ್ಣು ಹೊತ್ತಳು. ನೆಟ್ಟ ಗುಲಾಬಿ ಸತ್ತಿತು. ಚೆಂಡುಹೂವಿನ ಗಿಡ ಬೆಳಕನ್ನರಸಿ ಬಳುಕಿ ಬಿದ್ದಿತು. ಕೊನೆಗೆ ಒಲಿದದ್ದು ಕರ್ಣಕುಂಡಲದ ತಂಗಿಯೆನ್ನಬಹುದಾದ ಇಂಪೇಷನ್ಸ್. ನೆರಳನ್ನೇ ಉಂಡು, ಕೆಂಪು, ಬಿಳಿ, ನಸುಗೆಂಪುಗಳಲ್ಲಿ ವರುಷವಿಡೀ ನಗುವ ಗಿಡವದು. ಬಲಿತ ಕಾಯನ್ನು ಬೆರಳು ಸೋಕಿದರೆ ಸಾಕು, ತಾಳಲಾರದೆ ಸಿಡಿದು ಬೀಜ ಎರಚುತ್ತದೆ. "ಇದಕ್ಕೂ ಒಂದು ಕಡೆ ಇರೋಕಾಗಲ್ಲ ಪಾಪ," ಎಂದು ಬುಗುರಿ ಅದನ್ನು ತನ್ನ ಕುಲಕ್ಕೆ ಸೇರಿಸಿಕೊಂಡಳು.

ಪ್ರತಿದಿನ ಸಂಜೆ ಐದಕ್ಕೆ ಅಲ್ಲಿ ಮಳೆ ಬರುತ್ತಿತ್ತು. ಬುಗುರಿ ಜರಡಿಮೂತಿಯ ಪೈಪನ್ನು ಮೇಲಕ್ಕೆತ್ತಿ ಬೀಸಿದರೆ ಹನಿಗಳು ಎರಡನೆಯ ಅಂತಸ್ತಿನವರೆಗೆ ಚಿಮ್ಮಿ ಹೂವಿನ ಮೇಲೆ ಇಳಿಯುತ್ತಿದ್ದವು. ರೋಗಿಗಳು ಕಿಟಕಿಗೆ ಬಂದು ನಿಲ್ಲುವರು. ಶಸ್ತ್ರಚಿಕಿತ್ಸೆಯ ಬಳಿಕ ಹನ್ನೊಂದು ದಿನ ಮಂಚ ಬಿಟ್ಟಿಳಿಯದ ಮುದುಕನೊಬ್ಬ ಈ ಮಳೆಯನ್ನು ನೋಡಲೆಂದೇ ಗೋಡೆ ಹಿಡಿದು ನಡೆದನೆಂಬುದು ಆಸ್ಪತ್ರೆಯಲ್ಲಿ ಇಂದಿಗೂ ನಡೆಯುವ ಮಾತು. ಮಳೆ ಮುಗಿದೊಡನೆ ಬುಗುರಿಯ ಸುತ್ತು: ನಲ್ಲಿಯ ಬಳಿಯಿಂದ ಎಡಕ್ಕೆ ಹೊರಟು, ಗೋಡೆಗುಂಟ ಸಾಗಿ, ಒದ್ದೆ ಗಿಡಗಳೊಳಗೆ ಕೈಯಾಡಿಸಿ ಬಾಡಿದ ಹೂವು, ಹಳೆಯ ಎಲೆ ಚಿವುಟುತ್ತ ಬಾಗಿಲ ಮೆಟ್ಟಿಲಿನ ಆಚೆಗಿನ ಮೂಲೆಯಲ್ಲಿ ಮುಗಿಸುವುದು. ಗಿಡ ಬೇರೂರಿದಂದಿನಿಂದ ಆ ಸುತ್ತು ತಪ್ಪಿರಲಿಲ್ಲ, ದಿಕ್ಕು ಬದಲಾಗಿರಲಿಲ್ಲ.

ಈ ವರ್ಷ ಹೊಸ ಸೂಪರಿಂಟೆಂಡೆಂಟ್ ಬಂದರು. ಕೆಟ್ಟವರಲ್ಲ, ಖಾಲಿ ಜಾಗ ಕಂಡರೆ ಕುರ್ಚಿ ಹಾಕಬೇಕೆನ್ನುವ ಸ್ವಭಾವದವರು.

"ನೋಡಮ್ಮ, ರೋಗಿಗಳ ಕಡೆಯವರು ಮೆಟ್ಟಿಲ ಮೇಲೆ ಕೂತಿರ್ತಾರೆ. ತಿಂಗಳ ಕೊನೆಗೆ ಕಾರಿಡಾರಿಗೆ ಟೈಲ್ಸ್ ಹಾಕೋರು ಬರ್ತಿದ್ದಾರೆ. ಈ ಅಂಗಳಕ್ಕೂ ಹಾಕಿಸಿಬಿಡೋಣ ಅಂತಿದ್ದೀನಿ."

"ಸಾರ್, ಹೂವಿನ ಮೇಲೆ ಟೈಲ್ಸಾ?"

"ಹೂವು ಇದ್ರೆ ನಾನ್ಯಾಕೆ ಮುಟ್ಲಿ? ಅವತ್ತು ಹೀಗೇ ತುಂಬಿಕೊಂಡಿದ್ರೆ ನಿನ್ನ ಪಾಡಿಗೆ ನೀನು. ಬರೀ ಮಣ್ಣು ಕಂಡರೆ ಮಾತ್ರ ಕೇಳ್ಬೇಡ."

ಬುಗುರಿ ನಕ್ಕಳು. ಅವಳ ಅಂಗಳದಲ್ಲಿ ಬರೀ ಮಣ್ಣು ಕಾಣುವುದೆಂದರೇನು! ಆದರೂ ತುಂಬಿದ್ದನ್ನು ಇನ್ನಷ್ಟು ತುಂಬುವ ಆಸೆಯಿಂದ, ರಸ್ತೆಬದಿಯಲ್ಲಿ ಸಸಿ ಮಾರುವವನಿಂದ ಬಿಳಿ ಹೂವಿನ ಮೂರು ಸಸಿ ತಂದು ನಲ್ಲಿಯ ಬಳಿ ನೆಟ್ಟಳು. ತಾನೊಂದು ಬಗೆದರೆ ದೈವವೊಂದು ಬಗೆಯಿತು.

ಮೋಡ ಕವಿದು ತಂಪು ಹಿಡಿದ ವಾರವದು. ಮೊದಲು ಎಲೆಗಳ ಬಣ್ಣ ಇಳಿಯಿತು. ಹಸಿರಿನಲ್ಲಿ ಹಳದಿ ಚುಕ್ಕೆ, ಅಂಚು ಕೆಳಕ್ಕೆ ಮುದುಡಿದ್ದು. ಹಸಿವಿರಬೇಕೆಂದು ಬುಗುರಿ ಗೊಬ್ಬರ ಕೊಟ್ಟಳು. ನಾಲ್ಕನೆಯ ದಿನ ಎಲೆಯೊಂದನ್ನು ಮಗುಚಿ ನೋಡಿದರೆ ಅಡಿಯಲ್ಲೆಲ್ಲ ಬಿಳಿಯ ನವಿರು, ಹಾಲಿನ ಪುಡಿ ಚೆಲ್ಲಿದ ಹಾಗೆ. ಟೈಲ್ಸಿನವರು ಬರಲು ಹದಿನೈದು ದಿನ ಉಳಿದಿತ್ತು.

ಅಂದಿನಿಂದ ಅವಳ ಸುತ್ತು ದಿನಕ್ಕೆ ಒಂದರಿಂದ ಆರಕ್ಕೇರಿತು. ಹಳದಿ ಎಲೆ ಕಂಡಲ್ಲಿ ಚಿವುಟು, ಮಡಿಲಿಗೆ ಹಾಕು, ಮುಂದಿನ ಗಿಡಕ್ಕೆ ಕೈಯಿಡು. ಮನೆಯಲ್ಲಿ ಅನ್ನಕ್ಕಿಟ್ಟು ಬೀದಿಗೆ ಹೋಗುವಳು, ಬೀದಿಯಿಂದ ಬಂದು ಅನ್ನವನ್ನು ಮರೆಯುವಳು.

"ಸ್ವಲ್ಪ ಕೂತ್ಕೊಳ್ಳೇ, ಮನೆಯೇ ತಿರುಗ್ತಿರೋ ಹಾಗಾಗ್ತಿದೆ," ಎಂದನು ದರ್ಜಿ.

"ಕೂತ್ರೆ ಗಿಡ ಉಳಿಯುತ್ತೇನ್ರೀ?"

"ಓಡಾಡಿದ್ರೆ ಉಳೀತಿದೆಯಾ?"

ಅವಳು ಆಗಲೇ ಬೀದಿಯಲ್ಲಿದ್ದಳು. ನಲ್ಲಿಯ ಬಳಿಯ ಗಿಡಗಳಲ್ಲಿ ಹೂವೂ ಎಲೆಯೂ ಉದುರಿ ದಂಟು ಮಾತ್ರ ನಿಂತಿತ್ತು.

ಒಂಬತ್ತು ದಿನ ಉಳಿದಿರುವಾಗ ದೊಡ್ಡ ಸಿಸ್ಟರ್ ಅವಳನ್ನು ಕಾರಿಡಾರಿನಲ್ಲಿ ತಡೆದು ನಿಲ್ಲಿಸಿದಳು. "ಮಡಿಲಲ್ಲಿ ಏನೇ ಅದು, ಕದ್ದ ಮಾಲಿನ ಹಾಗೆ?"

ಎಲೆಗಳನ್ನು ಕಂಡು ಅವಳು ಹುಬ್ಬು ಗಂಟಿಕ್ಕಿದಳು. "ಊರಿಗೆಲ್ಲ ಪರೀಕ್ಷೆ ಮಾಡ್ತೀವಿ, ನಿನ್ನ ಗಿಡಕ್ಕೆ ಮಾಡೋಕಾಗಲ್ವಾ? ನಡಿ ಲ್ಯಾಬಿಗೆ."

ರಕ್ತ ಪರೀಕ್ಷೆಯ ಕೋಣೆಯಲ್ಲಿ ಕೆಲಸ ಮಾಡುವಾಕೆ ಎಲೆಯ ನವಿರನ್ನು ಗಾಜಿನ ಪಟ್ಟಿಗೆ ಒತ್ತಿ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು. "ಅಯ್ಯೋ, ನೋಡಿ ಬುಗುರಮ್ಮ, ಕಾಡೇ ಇದೆ ಇಲ್ಲಿ!" ಬುಗುರಿ ಇಣುಕಿದಳು. ಬೆಳಕಿನ ವೃತ್ತದಲ್ಲಿ ಎಲೆಯಿಲ್ಲದ ಪುಟ್ಟ ಪುಟ್ಟ ಮರಗಳು. ಕೊಂಬೆಕೊಂಬೆಯ ತುದಿಗೆ ಮೊಟ್ಟೆಯಾಕಾರದ ಕಾಯಿ. ಸೃಷ್ಟಿಕರ್ತನು ಕೇಡನ್ನೂ ಎಂಥ ಕುಸುರಿಯಿಂದ ಕಡೆದಿರುವನೆಂದು ಅವಳಿಗೆ ಒಂದು ಕ್ಷಣ ಬೆರಗಾಯಿತು.

ಲ್ಯಾಬಿನಾಕೆಯ ಅಣ್ಣ ಕೃಷಿ ಕಾಲೇಜಿನಲ್ಲಿ ಪಾಠ ಹೇಳುವವನು. ಫೋನಿನಲ್ಲಿ ಅವನ ದನಿ ಕೋಣೆಗೆಲ್ಲ ಕೇಳಿಸಿತು. "ಬೂಜು ತುಪ್ಪಟ ರೋಗ. ಹೊಸ ಸಸಿ ಏನಾದ್ರೂ ತಂದಿದ್ರಾ ಅಮ್ಮ?"

"ಮೂರೇ ಮೂರು, ಸಾರ್."

"ಒಂದೇ ಸಾಕು. ಎಲೆಯ ಅಡಿ ನೋಡದೆ ಸಸಿ ತರಬಾರದು. ನೀರು ಯಾವಾಗ ಹಾಕ್ತೀರ?"

"ಸಂಜೆ. ಮೇಲಿಂದ, ಮಳೆ ಹಾಗೆ."

ಅತ್ತ ಕಡೆ ಒಂದು ನಿಟ್ಟುಸಿರು. "ಈ ರೋಗಕ್ಕೆ ಬೇಕಾದ್ದೇ ಅದು. ಎಲೆ ರಾತ್ರಿಯಿಡೀ ಒದ್ದೆ ಇದ್ರೆ ಆಯ್ತು. ಬೆಳಿಗ್ಗೆ ಬುಡಕ್ಕೆ ಮಾತ್ರ ಹಾಕಬೇಕು, ಗಿಡದ ನಡುವೆ ಗಾಳಿ ಆಡಬೇಕು."

"ಔಷಧಿ ಹೊಡೆದ್ರೆ?"

"ಬರೋ ಮುಂಚೆ ಹೊಡೆದ್ರೆ ಕಾಪಾಡುತ್ತೆ. ಬಂದ ಮೇಲೆ ವಾಸಿ ಮಾಡಲ್ಲ. ಎಲ್ಲ ಕಿತ್ತು ಚೀಲದಲ್ಲಿ ಕಟ್ಟಿ ಸಾಗಿಸಿ, ಗೊಬ್ಬರದ ಗುಂಡಿಗೆ ಹಾಕಲೇಬೇಡಿ. ಚೆನ್ನಾಗಿ ಕಾಣೋ ಗಿಡದಲ್ಲೂ ಈಗಾಗಲೇ ಸೇರಿರುತ್ತೆ. ಒಂದೊಂದು ಎಲೆ ಬಿದ್ದಾಗಲೂ ರೋಗ ಮಣ್ಣಿಗೆ ಇಳಿದು ವರ್ಷಗಟ್ಟಲೆ ಕಾದು ಕೂತಿರುತ್ತೆ. ಇನ್ನು ಕೆಲವು ವರ್ಷ ಅಲ್ಲಿ ಈ ಹೂವು ಬೇಡ. ಬಿಗೋನಿಯ ಹಾಕಿ, ಕೋಲಿಯಸ್ ಹಾಕಿ, ಅವಕ್ಕೆ ಇದು ತಗಲಲ್ಲ."

ಒಂಬತ್ತು ದಿನ. ಅಂಗಳದ ಅರ್ಧಕ್ಕೆ ಇನ್ನೂ ಹೂವಿತ್ತು. ಚಿವುಟುತ್ತ ಬಚ್ಚಿಡುತ್ತ ದಿನ ತಳ್ಳಿದರೆ ಟೈಲ್ಸಿನವರು ಬಂದು ಹೋಗುವವರೆಗೆ ನಿಂತೀತು. ಕಿತ್ತರೆ ಕಾಣುವುದು ಬರೀ ಮಣ್ಣು. ಬರೀ ಮಣ್ಣೆಂದರೆ ಟೈಲ್ಸು. ಬುಗುರಿ ಲ್ಯಾಬಿನಿಂದ ಹೊರಟವಳು ಎಲ್ಲಿಗೆಂದು ತಿಳಿಯದೆ ಮೆಟ್ಟಿಲು ಹತ್ತಿದಳು, ಇಳಿದಳು, ಮತ್ತೆ ಹತ್ತಿದಳು. ದೊಡ್ಡ ಸಿಸ್ಟರ್ ಅವಳ ಬೆನ್ನಿಗೇ ಬಂದು ಎರಡನೆಯ ಅಂತಸ್ತಿನ ಕಿಟಕಿಯ ಬಳಿ ರೆಟ್ಟೆ ಹಿಡಿದು ನಿಲ್ಲಿಸಿದಳು.

ಆ ಕಿಟಕಿಯಿಂದ ಸಾವಿರಾರು ರೋಗಿಗಳು ನೋಡಿದ್ದ ಅಂಗಳವನ್ನು ಅದರ ಒಡತಿ ನೋಡಿದ್ದು ಅದೇ ಮೊದಲು. ನಲ್ಲಿಯ ಬಳಿ ಬೋಳು. ಅಲ್ಲಿಂದ ಎಡಕ್ಕೆ ಗೋಡೆಗುಂಟ ಬೋಳು ದಂಟಿನ ದಾರಿಯೊಂದು ಹೊರಟು, ತಿರುವಿನಲ್ಲಿ ತಿರುಗಿ, ಬರಬರುತ್ತ ಹಳದಿಯಾಗಿ, ಆಮೇಲೆ ಹಸಿರಾಗಿ, ಮೆಟ್ಟಿಲಿನ ಆಚೆಗಿನ ಕೊನೆಯ ಮೂಲೆಯಲ್ಲಿ ತುಂಬು ಹೂವಾಗಿ ಮುಗಿದಿತ್ತು. ಆ ಮೂಲೆಗೆ ಅವಳ ಕೈ ತಲುಪುತ್ತಿದ್ದದ್ದು ಎಲ್ಲಕ್ಕಿಂತ ಕೊನೆಗೆ.

"ಸಿಸ್ಟರ್," ಎಂದಳು. "ಇದು ನನ್ನ ಸುತ್ತು. ನಾನು ನಡೆದ ಕಡೆಯೆಲ್ಲ ರೋಗ ನಡೆದಿದೆ."

ದೊಡ್ಡ ಸಿಸ್ಟರ್ ಗೋಡೆಯ ಕಡೆ ಗದ್ದ ಎತ್ತಿದಳು. ಅಲ್ಲಿ ಫಲಕವೊಂದಿತ್ತು: ‘ಒಬ್ಬ ರೋಗಿಯನ್ನು ಮುಟ್ಟಿ ಇನ್ನೊಬ್ಬರನ್ನು ಮುಟ್ಟುವ ಮುನ್ನ ಕೈ ತೊಳೆಯಿರಿ.’ ಅಂಥವು ಆಸ್ಪತ್ರೆಯಲ್ಲಿ ನಲವತ್ತಿದ್ದವು. ತಿಂಗಳಿಗೊಮ್ಮೆ ಅವುಗಳ ಧೂಳು ಒರೆಸುತ್ತಿದ್ದವಳು ಬುಗುರಿಯೇ.

"ಇಪ್ಪತ್ತೆರಡು ವರ್ಷ ಒರೆಸಿದ್ದೀಯ, ಒಂದು ದಿನ ಓದಲಿಲ್ವಲ್ಲೇ ಮಾರಾಯ್ತಿ."

"ಓದಿದ್ದೆ ಸಿಸ್ಟರ್. ಅದು ನಿಮಗೆ ಅಂದ್ಕೊಂಡಿದ್ದೆ."

ಬೇಲಿಯೇ ಎದ್ದು ಹೊಲ ಮೇಯ್ದಿತೆಂಬ ಹಿರಿಯರ ನುಡಿಯನ್ನು ಅವಳು ಎಷ್ಟೋ ಸಲ ಪರರ ಮೇಲೆ ಪ್ರಯೋಗಿಸಿದ್ದಳು. ತನ್ನ ಮೇಲೆ ಅದು ಹೊರಳಿದಾಗ ಎಷ್ಟು ಭಾರವೆಂದು ಈಗ ತಿಳಿಯಿತು. ಅವಳು ಗಿಡಗಳ ಬಳಿ ಎಷ್ಟೆಷ್ಟು ಚಡಪಡಿಸಿದಳೋ ಅಷ್ಟಷ್ಟು ಅವು ಸತ್ತಿದ್ದವು. ಆರು ಸುತ್ತು ಹಾಕಿದ್ದು ಆರು ಪಟ್ಟು ಕೇಡಾಗಿತ್ತು. ಕಾಯಿಲೆ ವಾಸಿಯಾಗಿ ಮನೆಗೆ ಮರಳಿದವರಿಗೆಲ್ಲ ಅವಳು ಕಡ್ಡಿ ಮುರಿದು ಕೊಟ್ಟಿದ್ದ ಗಿಡಗಳು ಸುತ್ತಲ ಬೀದಿಗಳಲ್ಲಿದ್ದವು. ಗಾಳಿ ಈ ಬೂಜನ್ನು ಅಲ್ಲಿಗೂ ಒಯ್ಯದೆ ಬಿಡದು. ಇನ್ನೂ ಒಂಬತ್ತು ದಿನ ಬಚ್ಚಿಟ್ಟು ಅಂಗಳವನ್ನು ಗೆಲ್ಲುವುದೆಂದರೆ ಮಣ್ಣನ್ನೇ ಕಳೆದುಕೊಳ್ಳುವುದು.

ಅವಳು ಸೂಪರಿಂಟೆಂಡೆಂಟರ ಕೋಣೆಗೆ ಹೋಗಿ ನಿಂತಳು. ಜೀವಮಾನದಲ್ಲಿ ಮೊದಲ ಸಲ, ಮಾತು ಮುಗಿಯುವವರೆಗೆ ನಿಂತಲ್ಲೇ ನಿಂತಳು.

"ಗಿಡಕ್ಕೆ ರೋಗ ಬಂದಿದೆ ಸಾರ್. ಹಬ್ಬಿಸಿದ್ದು ನಾನೇ. ನಾಳೆ ಎಲ್ಲ ಕೀಳ್ತೀನಿ. ನೀವು ಹೇಳಿದ ದಿನಕ್ಕೆ ಬರೀ ಮಣ್ಣೇ ಇರುತ್ತೆ."

ಅವರು ಕನ್ನಡಕ ತೆಗೆದರು. "ಹೂವಿರೋ ಅರ್ಧವನ್ನಾದರೂ ಬಿಡಬಹುದಲ್ಲ?"

"ಬಿಟ್ಟರೆ ನಿಮಗೆ ಮೋಸ, ಮಣ್ಣಿಗೂ ಮೋಸ."

ಮರುದಿನ ಬೆಳಿಗ್ಗೆ ಕಿತ್ತಳು. ಒಂದೊಂದು ಗಿಡವನ್ನೂ ಬೇರುಸಹಿತ ಎತ್ತಿ, ಅಲುಗಿಸದೆ ಚೀಲಕ್ಕಿಳಿಸಿ, ಉದುರಿದ ಎಲೆಗಳನ್ನು ಆರಿಸಿ, ಚೀಲದ ಬಾಯಿ ಕಟ್ಟಿದಳು. ಕಿಟಕಿಗಳಿಂದ ಕೂಗು ಬಂತು: "ಬುಗುರಮ್ಮ, ಯಾಕಮ್ಮ? ಏನಾಯ್ತು?" ಅವಳು ತಲೆಯೆತ್ತಲಿಲ್ಲ. ಕೊನೆಯ ಮೂಲೆಯ ತುಂಬು ಹೂವಿನ ಮುಂದೆ ಕುಕ್ಕರಿಸಿದಳು. ಹದಿನೈದು ಗಿಡ, ಒಂದೆಲೆಯೂ ಹಳದಿಯಿಲ್ಲ. ಅವಳು ಒಂದನ್ನು ಮಗುಚಿದಳು, ಇನ್ನೊಂದನ್ನು ಮಗುಚಿದಳು. ಏಳನೆಯ ಗಿಡದ ಕೆಳಗಿನ ಎಲೆಯ ಅಡಿಯಲ್ಲಿ, ಉಗುರಿನಷ್ಟಗಲ, ಬಿಳಿಯ ನವಿರಿತ್ತು. ಆ ಬಳಿಕ ಮಗುಚಿ ನೋಡಲಿಲ್ಲ, ಎಲ್ಲವನ್ನೂ ಕಿತ್ತಳು. ಬಲಿತ ಕಾಯೊಂದು ಬೆರಳು ತಗಲಿ ಸಿಡಿದು ಅವಳ ಕೆನ್ನೆಗೆ ಬೀಜ ಎರಚಿತು. ಅದನ್ನೂ ಒರೆಸಿ ಚೀಲಕ್ಕೆ ಹಾಕಿದಳು. ಗುದ್ದಲಿ, ಕತ್ತರಿ, ಕೈ ಎಲ್ಲವನ್ನೂ ಸೋಪು ಹಾಕಿ ತೊಳೆದಳು. ಆ ಸಂಜೆಯೇ ಕಡ್ಡಿ ಪಡೆದವರ ಮನೆಮನೆಗೆ ಹೋಗಿ, ಗಿಡ ಮುಟ್ಟದೆ, ಎಲೆಯ ಅಡಿ ನೋಡಿಕೊಳ್ಳಿರೆಂದು ಹೇಳಿ ಬಂದಳು.

ಟೈಲ್ಸಿನವರು ಹೇಳಿದ ದಿನಕ್ಕೇ ಬಂದರು. ಸೂಪರಿಂಟೆಂಡೆಂಟರು ಮಾತಿಗೆ ತಪ್ಪುವವರಲ್ಲ. ನಲ್ಲಿಯಿಂದ ಎಡಕ್ಕೆ, ರೋಗ ನಡೆದ ಅರ್ಧಕ್ಕೆ ಟೈಲ್ಸು ಕೂತಿತು, ಟೈಲ್ಸಿನ ಮೇಲೆ ಕುರ್ಚಿಗಳು ಕೂತವು. ಉಳಿದರ್ಧವನ್ನು ತೋರಿಸಿ, "ನಿಜ ಹೇಳಿದ್ದಕ್ಕೆ ಇಷ್ಟು ನಿನಗೆ ಬಿಟ್ಟಿದ್ದೀನಿ. ಸುಳ್ಳು ಹೇಳಿದ್ರೆ ಪೂರ್ತಿ ಉಳಿಸ್ಕೋತಿದ್ದೆ ನೀನು," ಎಂದರು. "ಗೊತ್ತು ಸಾರ್," ಎಂದಳು. ಟೈಲ್ಸಿನಡಿಗೆ ಹೋದ ಅರ್ಧದ ನೋವು ಇಂದಿಗೂ ಹೋಗಿಲ್ಲ.

ಈಗ ಉಳಿದ ಭಾಗದಲ್ಲಿ ಬಿಗೋನಿಯ, ನಡುನಡುವೆ ನೇರಳೆ ಎಲೆಯ ಕೋಲಿಯಸ್, ಗಿಡದಿಂದ ಗಿಡಕ್ಕೆ ಒಂದು ಗೇಣು ಬಯಲು. ನೀರು ಬೆಳಿಗ್ಗೆ, ಬುಡಕ್ಕೆ, ಸದ್ದಿಲ್ಲದೆ. ಸಂಜೆ ಐದಕ್ಕೆ ಕಾಲು ತಾನಾಗಿ ಅಂಗಳಕ್ಕೆ ಎಳೆಯುತ್ತದೆ. ಮಾಡಲು ಏನೂ ಇರುವುದಿಲ್ಲ. ಬುಗುರಿ ಒಂದು ಕುರ್ಚಿಯಲ್ಲಿ ಕುಳಿತು, ಕೈಗಳೆರಡನ್ನೂ ತೊಡೆಯ ಕೆಳಗೆ ಇಟ್ಟುಕೊಳ್ಳುತ್ತಾಳೆ. ಹಿಮ್ಮಡಿ ಮಾತ್ರ ನೆಲವನ್ನು ಬಡಿಯುತ್ತಲೇ ಇರುತ್ತದೆ, ಹೊಲಿಗೆ ಯಂತ್ರದ ಮೇಲಿನ ಗಂಡನ ಪಾದದ ಹಾಗೆ.

ಮೊನ್ನೆ ಎರಡನೆಯ ಅಂತಸ್ತಿನಿಂದ ಹಳೆಯ ರೋಗಿಯೊಬ್ಬ ಬಗ್ಗಿ ಕೇಳಿದ: "ಏನ್ ಬುಗುರಮ್ಮ, ಇವತ್ತೂ ಮಳೆ ಇಲ್ವಾ?"

"ಇಲ್ಲಪ್ಪ," ಎಂದಳು, ಕೈ ತೆಗೆಯದೆ. "ಕೆಳಗಿಳಿದು ಬಾ. ಕುರ್ಚಿ ಖಾಲಿ ಇದೆ."