ಬೆಂಕಿ ನಡೆದ ಗೆರೆ

ಶಹಾಬಾದಿನಲ್ಲಿ ನಾನು ಕೆಲಸಕ್ಕಿದ್ದ ಕಲ್ಲಿನ ಪಾಲಿಶ್ ಕಾರ್ಖಾನೆಯ ಪಕ್ಕದಲ್ಲೇ ಗ್ಯಾಸ್ ಕಟಿಂಗ್ ಮಾಡುವವರೊಬ್ಬರ ಅಂಗಡಿಯಿತ್ತು. ಅವರು ದಪ್ಪ ಉಕ್ಕಿನ ಪ್ಲೇಟಿನ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ಮೊಣಕಾಲೂರಿ, ಉರಿಯನ್ನು ಅದರುದ್ದಕ್ಕೂ ನಡೆಸುತ್ತಿದ್ದರು. ಅವಸರಪಡಿಸಿದವರಿಗೆಲ್ಲ ಒಂದೇ ಮಾತು: "ತಡೀರಿ, ಬೆಂಕಿಗಿ ಅವಸರ ಇಲ್ಲ."

ಒಮ್ಮೆ ದೊಡ್ಡ ಚಪ್ಪಡಿ ಜಾರಿ, ಯಂತ್ರದ ಬದಿಯ ಪ್ಲೇಟು ಬಾಗಿ, ನನ್ನ ಮುಂಗೈ ಅದರ ಹಿಂದೆ ಸಿಕ್ಕಿಕೊಂಡಿತು. ಕಲ್ಲು ಅಲುಗಿದರೆ ಕೈ ಹೋಗುತ್ತಿತ್ತು. ಪ್ಲೇಟನ್ನೇ ಕತ್ತರಿಸಬೇಕಿತ್ತು. ಅವರು ಓಡಿಬಂದು ನನ್ನ ಕೈಗೆ ಒದ್ದೆ ಗೋಣಿತಟ್ಟು ಸುತ್ತಿದರು. ಬಿಡದೆ ನೀರು ಹೊಯ್ಯಲು ನನ್ನ ಜೊತೆಗಾರ್ತಿಗೆ ಹೇಳಿ, ಕೈಯಿಂದ ಗೇಣು ದೂರದಲ್ಲಿ ಗೆರೆ ಎಳೆದರು.

"ಅಣ್ಣಾರ, ಭಾಳ ಅಂಜಿಕಿ ಬರ್ಲಿಕತ್ತದ," ಎಂದೆ.

"ಗೆರಿ ನೋಡ್ರಿ ಅಕ್ಕಾರ. ನನ್ ಮಾರಿ ನೋಡಬ್ಯಾಡ್ರಿ."

ನೋಡಿದೆ. ಕಿಡಿಗಳ ನಡುವೆ ಆ ಉರಿ ಎಲ್ಲಿಯೂ ತಡವರಿಸಲಿಲ್ಲ, ಕೊನೆಯವರೆಗೂ ಬಿಳಿಗೆರೆಯ ಮೇಲೆಯೇ ಹೋಯಿತು. ನೋವು ಮರೆತು ಬೆರಗಾಗಿ ನೋಡುತ್ತಿದ್ದೆ. ತುಂಡು ಕಳಚಿ ಬಿತ್ತು. ಕೈ ಹೊರಬಂತು, ಬೆರಳುಗಳು ಆಡಿದವು.

ಅವರು ಕರಿಕನ್ನಡಕ ತೆಗೆದರು. ಮುಖವೆಲ್ಲ ಬಿಳಿಚಿಕೊಂಡಿತ್ತು. ಉರಿ ಆರಿಸಲು ಹೋದ ಕೈ ಎಷ್ಟು ನಡುಗುತ್ತಿತ್ತೆಂದರೆ, ಗ್ಯಾಸಿನ ತಿರುಪನ್ನು ಜೊತೆಗಾರ್ತಿಯೇ ತಿರುಗಿಸಬೇಕಾಯಿತು.