ಹದಿನೇಳನೇ ಹಾಳೆಯ ಹಿಂಬದಿ

ಅವಳು ನನ್ನ ಮುಂದೆ ನಿಂತು ಬೇಡಿಕೊಂಡಾಗ ಆ ವಿಷಯ ನನಗೆ ಗೊತ್ತೇ ಇರಲಿಲ್ಲ. ಗೊತ್ತಿದ್ದವಳಂತೆ ತಲೆಯಾಡಿಸಿದೆ. ಇಷ್ಟನ್ನು ಕಳೆದ ತಿಂಗಳವರೆಗೆ, ಮೂರು ವರ್ಷ, ಯಾರಿಗೂ ಹೇಳಿರಲಿಲ್ಲ — ನನ್ನ ಹಿರಿಯರಿಗೆ ಹೇಳಿಲ್ಲ, ಅವ್ವನಿಗೆ ಹೇಳಿಲ್ಲ, ಏನನ್ನೂ ಬಿಡದೆ ಬರೆಯುವ ನನ್ನ ಡೈರಿಗೂ ಹೇಳಿಲ್ಲ.

ನಾನು ವಕೀಲೆ. ಹರಪನಹಳ್ಳಿಯಲ್ಲಿ ಹಿರಿಯ ವಕೀಲರೊಬ್ಬರ ಕೈಕೆಳಗೆ ಕೆಲಸ. ಅವರನ್ನು ಎಲ್ಲರೂ ಸಾಹೇಬರು ಅನ್ನುತ್ತಾರೆ, ನಾನೂ ಹಾಗೇ ಅನ್ನುತ್ತೇನೆ. ರೋಗಿಗಳು ಡಾಕ್ಟರುಗಳ ಮೇಲೆ ಹಾಕುವ ಕೇಸುಗಳಲ್ಲಿ ಡಾಕ್ಟರುಗಳ ಪರ ನಿಲ್ಲುವುದು ಅವರ ವೃತ್ತಿ. ಕೊಟ್ಟೂರು, ಹಡಗಲಿ, ಹಗರಿಬೊಮ್ಮನಹಳ್ಳಿ ಕಡೆಯಿಂದೆಲ್ಲ ಕೇಸ್ ಶೀಟುಗಳು ಕಟ್ಟುಗಟ್ಟಲೆ ನಮ್ಮ ಆಫೀಸಿಗೆ ಬರುತ್ತವೆ. ಅವನ್ನು ಓದುವುದು ನನ್ನ ಪಾಲು. ಯಾವ ದಿನ ಜ್ವರ ಎಷ್ಟಿತ್ತು, ಯಾವ ಇಂಜೆಕ್ಷನ್ ಎಷ್ಟು ಗಂಟೆಗೆ, ಸಹಿ ಯಾರದು — ಗೆರೆ ಹಾಕಿ ಪಟ್ಟಿ ಮಾಡುತ್ತೇನೆ. ನನ್ನೂರು ತೆಲಿಗಿಯಿಂದ ದಿನಾ ಬಸ್ಸು. ಹತ್ತಿದ ಹೊತ್ತು, ಇಳಿದ ಹೊತ್ತು, ಓದಿದ ಹಾಳೆಗಳ ಲೆಕ್ಕ ಡೈರಿಯಲ್ಲಿ. ಕಾಲೇಜಿನಿಂದ ಬಂದ ಚಟ ಇದು. ಲೆಕ್ಕ ಇಟ್ಟವರಿಗೆ ತಪ್ಪಾಗುವುದಿಲ್ಲ ಎಂದು ನಂಬಿದ್ದೆ.

ಅವಳ ಹೆಸರು ಬರೆಯುವುದಿಲ್ಲ. ಒಂದು ಸಲ ಬರೆದದ್ದು ಸಾಕು.

ಹಡಗಲಿ ತಾಲ್ಲೂಕಿನ ಹೆಣ್ಣುಮಗಳು. ವಯಸ್ಸು ನನಗಿಂತ ಎರಡು ವರ್ಷ ಹೆಚ್ಚು. ಬೆಳಗಿನ ಜಾವಕ್ಕೆ ಮಲ್ಲಿಗೆ ಬಿಡಿಸಲು ಹೋಗುವವಳು. ಇಬ್ಬರು ಹೆಣ್ಣುಮಕ್ಕಳು. ಹೊಟ್ಟೆನೋವೆಂದು ನಮ್ಮ ಕಕ್ಷಿದಾರ ಡಾಕ್ಟರ ನರ್ಸಿಂಗ್ ಹೋಮಿಗೆ ಬಂದಳು, ಅಪೆಂಡಿಕ್ಸ್ ಎಂದು ಆಪರೇಷನ್ ಆಯಿತು. ಆಮೇಲೆ ಜ್ವರ ಇಳಿಯಲಿಲ್ಲ. ಒಳಗೆ ಕೀವು ತುಂಬಿ, ದಾವಣಗೆರೆಗೆ ಒಯ್ದು ಮತ್ತೊಂದು ಸಲ ಹೊಟ್ಟೆ ಕೊಯ್ಯಬೇಕಾಯಿತು. ವರ್ಷ ಕಳೆದ ಮೇಲೆ ಗಂಡ–ಹೆಂಡತಿ ಇಬ್ಬರ ಹೆಸರಿನಲ್ಲಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಟ್ಟರು. ಅವರ ವಕೀಲ ಗಂಡನ ಸೋದರಮಾವನ ಮಗ. ದೂರಿನಲ್ಲಿ ನೋವು, ಖರ್ಚು, ಕೂಲಿ ಹೋದದ್ದು ಎಲ್ಲ ಇತ್ತು. ಜೊತೆಗೆ ಗಂಡ ಒತ್ತಿ ಹೇಳಿ ಬರೆಸಿದ ಒಂದು ಮಾತೂ ಇತ್ತು: ಆ ಕೀವಿನಿಂದ ತನ್ನ ಹೆಂಡತಿಗೆ ಇನ್ನು ಗರ್ಭ ನಿಲ್ಲುತ್ತಿಲ್ಲ, ತನಗೆ ಗಂಡುಮಗುವಿನ ಭಾಗ್ಯ ತಪ್ಪಿತು.

ಕೇಸ್ ಶೀಟು ನಲವತ್ತೊಂದು ಹಾಳೆ. ಮೂರು ಸಲ ಓದಿದೆ. ಜ್ವರದ ಚಾರ್ಟಿನಲ್ಲಿ ಮೂರನೇ ದಿನದ ಬೆಳಗಿನಿಂದ ನಾಲ್ಕನೇ ದಿನದ ಸಂಜೆಯವರೆಗೆ ಆರು ಮನೆಗಳು ಖಾಲಿ ಇದ್ದವು. ಆರು ಹೊತ್ತು ಅವಳ ಜ್ವರವನ್ನು ಯಾರೂ ನೋಡಿರಲಿಲ್ಲ. ಅದನ್ನು ಸಾಹೇಬರಿಗೆ ತೋರಿಸಿದೆ.

"ಅವ್ರ ವಕೀಲ ಅದನ್ನ ಓದಲ್ಲಮ್ಮ. ಓದಿದ್ರ ಆಗ ನೋಡಾಣ," ಎಂದರು. "ಓದಿದ ಅಂದ್ರ ಮಾತ್ರ ನಾವು ಮುಳುಗಿದ್ವಿ," ಎಂದು ತಾವೇ ಸೇರಿಸಿದರು.

ಜೂನ್ 14, ಬುಧವಾರ. ಆಯೋಗದಲ್ಲಿ ಮೊದಲ ವಾಯಿದೆ. ಸಾಹೇಬರು ಒಳಗಿದ್ದರು. ನಾನು ವರಾಂಡದ ತುದಿಯ ನಲ್ಲಿಯಲ್ಲಿ ಬಾಟಲಿಗೆ ನೀರು ಹಿಡಿಯುತ್ತಿದ್ದೆ. ಅವಳು ಸೆರಗು ಬಾಯಿಗೆ ಒತ್ತಿಕೊಂಡು ಬಂದಳು. ಗಂಡನೂ ಅತ್ತೆಯೂ ಆಚೆ ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚುತ್ತಿದ್ದರು. ಎದುರು ಪಕ್ಷದವರ ಜೊತೆ ಮಾತಾಡಬಾರದು — ಅದು ನನಗೆ ಗೊತ್ತಿತ್ತು. ಹೊರಟುಹೋಗಬಹುದಿತ್ತು.

"ಅಕ್ಕಾರ, ಒಂದು ಮಾತು ನಡಸಿಕೊಡ್ರಿ," ಎಂದಳು. "ವಂಕಿ ವಿಷ್ಯ ನಿಮ್ಮ ಕಾಗದದಾಗ ಬರೀಬ್ಯಾಡ್ರಿ. ಸಿಸ್ಟರ್ ಹಾಳಿ ಹಿಂದ ಪೆನ್ಸಿಲ್ಲಿಂದ ಬರಕೊಂಡಿದ್ರು, ಅಳಸ್ತೀನಿ ಅಂದಿದ್ರು. ಅವ್ರು ನಿಮಗೆ ಹೇಳಿರ್ತಾರ, ಅಲ್ಲೇನ್ರಿ?"

ವಂಕಿ ಎಂದರೆ ಕಾಪರ್-ಟಿ. ಬಸಿರಾಗದಂತೆ ಹಾಕಿಸಿಕೊಳ್ಳುವುದು. ಎರಡನೇ ಮಗಳು ಹುಟ್ಟಿದ ಮೇಲೆ ಗಂಡನಿಗೆ, ಅತ್ತೆಗೆ ತಿಳಿಯದ ಹಾಗೆ ತವರಿಗೆ ಹೋದಾಗ ಹಾಕಿಸಿಕೊಂಡಿದ್ದಳು. ಇದೊಂದೂ ನನಗೆ ಗೊತ್ತಿರಲಿಲ್ಲ. ಮೂರು ಸಲ ಓದಿದ ನಲವತ್ತೊಂದು ಹಾಳೆಗಳಲ್ಲಿ ನಾನು ಒಂದನ್ನೂ ತಿರುಗಿಸಿ ನೋಡಿರಲಿಲ್ಲ.

ಆಗ ತಲೆಯಾಡಿಸಿದೆ — ಹೌದು, ಹೇಳಿದ್ದಾರೆ ಎಂಬಂತೆ. ಯಾಕೆ? ಗೊತ್ತಿಲ್ಲ ಎನ್ನಲು ವಕೀಲೆಗೆ ನಾಚಿಕೆಯೋ, ಇನ್ನೂ ಹೇಳಲಿ ಎಂಬ ಆಸೆಯೋ... ಎರಡೂ ಇದ್ದಿರಬೇಕು.

"ನಿಮ್ಮ ವಕೀಲ್ರಿಗೆ ಹೇಳ್ರಿ," ಎಂದೆ.

"ಅವ್ರು ನಮ್ಮ ಯಜಮಾನ್ರ ಮಾವನ ಮಗರೀ. ಅವ್ರಿಗೆ ಹೆಂಗ ಹೇಳ್ಲಿ?" ಅವಳು ಮರದ ಕಡೆ ಒಮ್ಮೆ ನೋಡಿದಳು. "ನೀವೂ ಹೆಣ್ಮಗಳು ಅದೀರಿ."

ಬಾಟಲಿ ತುಂಬಿ ನೀರು ಕೈಮೇಲೆ ಹರಿಯುತ್ತಿತ್ತು. "ನೋಡ್ತೀನಿ," ಎಂದೆ.

ನೋಡಿದೆ. ಮರುದಿನ ನರ್ಸಿಂಗ್ ಹೋಮಿಗೆ ಹೋಗಿ ಮೂಲ ಕೇಸ್ ಶೀಟು ಕೇಳಿ ತರಿಸಿದೆ. ನಮ್ಮ ಹತ್ತಿರ ಇದ್ದದ್ದು ಜೆರಾಕ್ಸ್. ಅಂಗಡಿಯವನು ಮುಂಬದಿ ಮಾತ್ರ ತೆಗೆದಿದ್ದ. ಹದಿನೇಳನೇ ಹಾಳೆಯ ಹಿಂಬದಿಯಲ್ಲಿ ಸಣ್ಣ ಅಕ್ಷರದ ಎರಡು ಸಾಲು ಸಿಕ್ಕಿತು. ಕಾಪರ್-ಟಿ, ನಾಲ್ಕು ವರ್ಷ. ಮನೆಯವರಿಗೆ ತಿಳಿಸಬಾರದು. ಆ ನರ್ಸಿಂಗ್ ಹೋಮಿನಲ್ಲಿ ಅದೊಂದು ಪದ್ಧತಿ ಎಂದು ಆಮೇಲೆ ತಿಳಿಯಿತು. ಕೇಸ್ ಶೀಟು ಮಂಚದ ತುದಿಗೆ ತೂಗುಹಾಕಿರುತ್ತದೆ, ನೋಡಲು ಬಂದ ಭಾವ–ಮೈದುನರೆಲ್ಲ ಅದನ್ನು ಓದುತ್ತಾರೆ. ಅದಕ್ಕೆ ಹೆಂಗಸರು ಕಿವಿಯಲ್ಲಿ ಹೇಳಿದ್ದನ್ನು ಸುಮಿತ್ರಾ ಸಿಸ್ಟರ್ ಹಾಳೆಯ ಹಿಂದೆ ಪೆನ್ಸಿಲ್ಲಿನಲ್ಲಿ ಬರೆಯುತ್ತಿದ್ದರು. ಡಾಕ್ಟರು ನೋಡಿದ ಮೇಲೆ, ಮನೆಗೆ ಕಳಿಸುವ ದಿನ, ರಬ್ಬರಿನಿಂದ ಅಳಿಸುತ್ತಿದ್ದರು. ಇವಳನ್ನು ಜ್ವರದಲ್ಲಿ ಅವಸರದಿಂದ ದಾವಣಗೆರೆಗೆ ಸಾಗಿಸಿದ್ದರು. ಅಳಿಸುವುದು ಮರೆತಿತ್ತು.

ಸಾಹೇಬರ ಮುಂದೆ ಇಟ್ಟೆ. ಅವರು ಕನ್ನಡಕ ತೆಗೆದು ನನ್ನನ್ನೇ ನೋಡಿದರು.

"ಹಾಳಿ ತಿರುವಿ ನೋಡೋ ವಕೀಲ್ರು ಈ ತಾಲ್ಲೂಕಿನಾಗ ನೀನೊಬ್ಬಾಕಿನ ಬಿಡಮ್ಮ!"

ಒಂದು ಮಾತು ಹೇಳಬಹುದಿತ್ತು. ನಾನು ಹುಡುಕಿದ್ದಲ್ಲ ಸಾರ್, ಅವಳೇ ಬಂದು... ಹೇಳಲಿಲ್ಲ. ಹೊಗಳಿಕೆಯನ್ನು ಕೈಚಾಚಿ ತೆಗೆದುಕೊಂಡೆ. ಉತ್ತರ ಬರೆಯಲು ನನಗೇ ಕೊಟ್ಟರು. ಆ ದಾಖಲೆಯನ್ನು ಮುಚ್ಚಿದ ಲಕೋಟೆಯಲ್ಲಿಟ್ಟು ಆಯೋಗದವರು ಮಾತ್ರ ನೋಡಲಿ ಎಂದು ಅರ್ಜಿ ಹಾಕಲು ದಾರಿ ಇತ್ತು. ಅದು ನನಗೆ ಗೊತ್ತಿತ್ತು. ಕೇಳಿದ್ದರೆ ಸಾಹೇಬರು ಬೇಡ ಅನ್ನುತ್ತಿದ್ದರೋ ಏನೋ. ನಾನು ಕೇಳಲೇ ಇಲ್ಲ. ಇಪ್ಪತ್ತೆರಡನೇ ಪ್ಯಾರಾದಲ್ಲಿ, ಯಾರಿಗಾದರೂ ಅರ್ಥವಾಗುವ ಒಳ್ಳೆಯ ಕನ್ನಡದಲ್ಲಿ ಬರೆದೆ — ದೂರುದಾರಳೇ ಸ್ವಂತ ಇಚ್ಛೆಯಿಂದ, ಗಂಡನಿಗೆ ಮರೆಮಾಚಿ...

ಜುಲೈ 11, ಮಂಗಳವಾರ. ಉತ್ತರದ ಪ್ರತಿಯನ್ನು ಅವರ ವಕೀಲನ ಕೈಗೆ ಕೊಟ್ಟೆ. ಅವನು ಅದನ್ನು ಬೇವಿನ ಮರದ ಕೆಳಗೆ ಒಯ್ದು, ತನ್ನವರಿಗೆ ತಿಳಿಯಲೆಂದು ಗಟ್ಟಿಯಾಗಿ ಓದತೊಡಗಿದ. ನಮ್ಮ ಕಡೆ ಕೋರ್ಟಿನ ಕಾಗದವನ್ನು ಯಾರೂ ಮನಸ್ಸಿನಲ್ಲಿ ಓದಿಕೊಳ್ಳುವುದಿಲ್ಲ. ಒಬ್ಬರು ಓದುತ್ತಾರೆ, ಮನೆಮಂದಿ ಕೇಳುತ್ತಾರೆ. ಇಪ್ಪತ್ತೆರಡಕ್ಕೆ ಬಂದಾಗ ಅವನ ದನಿ ತಗ್ಗಿತು. ಆದರೆ ನಿಲ್ಲಲಿಲ್ಲ. ಅತ್ತೆ ಕೈಯಲ್ಲಿದ್ದ ರೊಟ್ಟಿಯನ್ನು ಬುತ್ತಿಗೆ ವಾಪಸು ಇಟ್ಟು, ಗಂಟು ಕಟ್ಟಿದಳು.

"ನಾಕು ವರ್ಷ ನನ್ನ ಕೈಲೆ ಹರಕಿ ಕಟ್ಟಿಸಿದೆಲ್ಲೇ, ನನ್ನವ್ವಾ," ಎಂದಳು. ಬೈಗುಳವಾಗಿರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅವಳು ನನ್ನ ಕಡೆ ತಿರುಗಲೇ ಇಲ್ಲ. ಮೂವರೂ ಬಸ್ ಸ್ಟ್ಯಾಂಡಿನ ಕಡೆ ಹೋದರು; ಗಂಡ ಮುಂದೆ, ಅತ್ತೆ ಹಿಂದೆ, ಅವಳು ಬಹಳ ಹಿಂದೆ.

ಮುಂದಿನ ವಾಯಿದೆಗೆ ಅವರ ವಕೀಲ ಒಬ್ಬನೇ ಬಂದ. ದೂರು ಹಿಂದಕ್ಕೆ ತೆಗೆದುಕೊಳ್ಳುತ್ತೇವೆಂದು ಮೆಮೊ ಕೊಟ್ಟ. ಜ್ವರದ ಚಾರ್ಟಿನ ಆರು ಖಾಲಿ ಮನೆಗಳನ್ನು ಯಾರೂ ಕೇಳಲಿಲ್ಲ. ಆ ಕೇಸಿನಲ್ಲಿ ಗೆಲ್ಲಬೇಕಾದವಳು ಅವಳು. ಸಾಹೇಬರು ಪೇಡೆ ತರಿಸಿದರು. ನಾನು ಎರಡು ತಿಂದೆ — ಅದನ್ನೂ ಬರೆದಿಟ್ಟಿದ್ದೇನೆ.

ಆಮೇಲೆ ನಡೆದದ್ದು ಡಾಕ್ಟರ ಕಾಂಪೌಂಡರ್ ಬಾಯಿಂದ ತಿಳಿಯಿತು. ಅವಳನ್ನು ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆ ಹತ್ತಿರದ ತವರಿಗೆ ಕಳಿಸಿಬಿಟ್ಟರು. ಕಿರಿಯ ಮಗಳು ಅವಳ ಜೊತೆ, ಹಿರಿಯವಳನ್ನು ಗಂಡ ಇಟ್ಟುಕೊಂಡ. ಅವಳ ತಾಯಿ ನರ್ಸಿಂಗ್ ಹೋಮಿಗೆ ಬಂದು, ಕೂತ ರೋಗಿಗಳೆಲ್ಲರ ಮುಂದೆ ಸುಮಿತ್ರಾ ಸಿಸ್ಟರಿಗೆ ಮಣ್ಣು ತೂರಿ ಹೋದಳಂತೆ. "ವಕೀಲ್ರ ಮುಂದ ನನ್ನ ಮಗಳ ಮಾನ ಹೇಳಿದಾಕಿ ಈಕೀನ. ಆ ವಕೀಲ್ತೀನ ಹೌದಂತ ತಲಿ ಹಾಕ್ಯಾಳ!"

ಅದು ನನ್ನ ತಲೆ.

ಕ್ಷಮೆ ಕೇಳಲು ಹೊರಡಲಿಲ್ಲವೆಂದಲ್ಲ. ಎರಡು ಸಲ ಹೊರಟೆ. ಒಮ್ಮೆ ಕೊಟ್ಟೂರಿನಿಂದ, ಇನ್ನೊಮ್ಮೆ ಕೂಡ್ಲಿಗಿಯಿಂದ ತಿರುಗಿ ಬಂದೆ. ಕರಿ ಕೋಟಿನ ಹೆಂಗಸೊಬ್ಬಳು ಆ ಓಣಿಗೆ ಹೋಗಿ ಅವಳ ಮನೆ ಕೇಳಿದರೆ ಸಾಕು, ಅರ್ಧ ಮರೆತದ್ದನ್ನು ಊರು ಮತ್ತೆ ಮಾತಾಡುತ್ತದೆ. ಕೋಟು ಬಿಟ್ಟು ಹೋದರೂ — ಏನು ಹೇಳಲಿ? ಸಿಸ್ಟರ್ ಹೇಳಲಿಲ್ಲ ತಾಯಿ, ಹಾಳೆಯನ್ನು ನಾನು ತಿರುಗಿಸಿಯೂ ನೋಡಿರಲಿಲ್ಲ, ನೀನು ಬಂದು ಹೇಳದೇ ಇದ್ದಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ... ಈ ಸತ್ಯವನ್ನು ಅವಳ ಕೈಗೆ ಹೇಗೆ ಇಡಲಿ?

ಕಳೆದ ತಿಂಗಳು ಒಂದು ಮಧ್ಯಾಹ್ನ ಸುಮಿತ್ರಾ ಸಿಸ್ಟರ್ ಹತ್ತಿರ ಹೋದೆ. ಡ್ರೆಸ್ಸಿಂಗ್ ರೂಮಿನಲ್ಲಿ ಬ್ಯಾಂಡೇಜು ಮಡಚುತ್ತಾ ಕೂತಿದ್ದರು. ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಅವರ ಕೈ ಒಮ್ಮೆ ನಿಂತಿತು, ಮತ್ತೆ ಮಡಚತೊಡಗಿತು.

"ಮೂರು ವರ್ಷ ಆತು. ಈಗ ಬಂದೀರಿ," ಎಂದರು.

"ಅವಳಿಗೆ ಹೇಳಿಬಿಡ್ತೀನಿ ಸಿಸ್ಟರ್. ನಿಮ್ಮ ತಪ್ಪಿಲ್ಲ ಅಂತ."

"ಹೇಳಿದ್ರ ನಿಮ್ಮ ಎದಿ ಹಗುರ ಆಕ್ಕೈತಿ. ಆಕಿ ಎದಿ?" ಅವರು ನನ್ನನ್ನು ನೇರ ನೋಡಿದರು. "ತನ್ನ ಬಾಯಿಂದನ ತನ್ನ ಮಗಳು ಕೈಬಿಟ್ಟು ಹೋದ್ಲು ಅಂತ ತಿಳಿದ್ರ ಆಕಿ ಬದುಕ್ತಾಳೇನ್ರಿ? ನನ್ನ ಬೈಕೊಂತ ಅದಾಳ, ಬೈಲಿ. ಅಳಸ್ತೀನಿ ಅಂದಿದ್ದೆ, ಅಳಸ್ಲಿಲ್ಲ. ಅಷ್ಟು ತಪ್ಪು ನಂದೂ ಐತಿ."

"ನನ್ನ ತಪ್ಪು?"

"ಅದನ್ನ ನೀವು ಇಟ್ಕೊಳ್ರಿ. ನನಗ ಕೊಡಾಕ ಬರಬ್ಯಾಡ್ರಿ."

ಎದ್ದು ಬರುವಾಗ ಅವರ ಜೇಬು ನೋಡಿದೆ. ಪೆನ್ನು ಒಂದೇ ಇತ್ತು, ಪೆನ್ಸಿಲ್ ಇರಲಿಲ್ಲ.

ಆ ನರ್ಸಿಂಗ್ ಹೋಮಿನಿಂದ ಅಲ್ಲಿಂದೀಚೆಗೆ ನಮ್ಮ ಆಫೀಸಿಗೆ ಬಂದ ಕೇಸ್ ಶೀಟುಗಳು ಒಂಬತ್ತು. ಈಗ ನಾನು ಮೂಲವನ್ನೇ ತರಿಸುತ್ತೇನೆ, ಪ್ರತಿ ಹಾಳೆಯನ್ನೂ ತಿರುಗಿಸುತ್ತೇನೆ. ಎಲ್ಲದರ ಹಿಂಬದಿಯೂ ಖಾಲಿ. ಹೆಂಗಸರು ಹೇಳುವುದನ್ನು ಬಿಟ್ಟಿದ್ದಾರೋ, ಸಿಸ್ಟರ್ ಕೇಳುವುದನ್ನು ಬಿಟ್ಟಿದ್ದಾರೋ ಗೊತ್ತಿಲ್ಲ. ಒಂಬತ್ತರಲ್ಲಿ ಒಬ್ಬಳು ತನಗೆ ಮೂರ್ಛೆರೋಗವಿದ್ದದ್ದನ್ನು ಯಾರಿಗೂ ಹೇಳದೆ ಆಪರೇಷನ್ ಟೇಬಲ್ ಹತ್ತಿದ್ದಳು. ಆ ಕೇಸನ್ನೂ ನಾವೇ ನಡೆಸುತ್ತಿದ್ದೇವೆ, ಡಾಕ್ಟರ ಪರ. ರೋಗಿಯೇ ಮುಚ್ಚಿಟ್ಟಳು ಎಂದು ಉತ್ತರ ಬರೆಯಲು ಸಾಹೇಬರು ನನಗೇ ಕೊಟ್ಟಿದ್ದಾರೆ. ಬರೆಯಲಾರೆ ಎಂದು ಇನ್ನೂ ಹೇಳಿಲ್ಲ. ಬರೆದೂ ಇಲ್ಲ. ಇನ್ನು ಹನ್ನೊಂದು ದಿನ ಉಳಿದಿವೆ.

ಆ ವರ್ಷದ ಡೈರಿಯನ್ನು ತೆಗೆದು ನೋಡಿದೆ. ಜೂನ್ 14ರ ಪುಟದಲ್ಲಿ ಹೀಗಿದೆ: ಬಸ್ಸು 7.40. ವಾಯಿದೆ ಒಂದು. ನೀರಿನ ಬಾಟಲಿ ತುಂಬಿಸಿಕೊಂಡೆ. ಮರುದಿನದ ಪುಟದಲ್ಲಿ: ಹಾಳೆ 17ರ ಹಿಂಬದಿ ಹುಡುಕಿ ತೆಗೆದೆ. "ಹುಡುಕಿ" ಎಂಬುದರ ಕೆಳಗೆ ಎರಡು ಗೆರೆ ಎಳೆದಿದ್ದೇನೆ.

ಇಂದು ಆ ಸಾಲನ್ನು ಹೊಡೆದುಹಾಕಿದೆ. ನೀರಿನ ಬಾಟಲಿಯ ಸಾಲಿನ ಮುಂದೆ, ಉಳಿದಿದ್ದ ಜಾಗದಲ್ಲಿ, ಪೆನ್ನಿನಿಂದ ಬರೆದೆ: ಒಬ್ಬಳು ಬಂದು ಬೇಡಿಕೊಂಡಳು. ತಲೆಯಾಡಿಸಿದೆ.