ಆಟಿ ತಿಂಗಳ ಎಣಿಕೆ

ಸಂತೆಕಟ್ಟೆಯ ಜೋಕಿಮ್ ಡಿಸಿಲ್ವರು ಹುಟ್ಟಾ ಬೇಸಾಯಗಾರರು. ಹಿಡಿದ ಕೆಲಸವನ್ನು ನಡುವೆ ಬಿಟ್ಟವರಲ್ಲ. 1985ರಲ್ಲಿ ಹೊಸ ರೈಲುಮಾರ್ಗದ ಸಮೀಕ್ಷೆಗೆ ಬಂದ ಇಂಜಿನಿಯರರೊಬ್ಬರು ಅವರಿಗೊಂದು ಕೆಲಸ ಒಪ್ಪಿಸಿದರು: ಹೆದ್ದಾರಿಯಲ್ಲಿ ಏಳು ದಿನ ಹೋಗುವ ಲಾರಿಗಳನ್ನು ಸರಕಿನ ಪ್ರಕಾರ ಎಣಿಸುವುದು. ಉಡುಪಿಯಲ್ಲಿ ಗೂಡ್ಸ್ ಗಾಡಿಗೆ ಪ್ರತ್ಯೇಕ ಹಳಿ ಬೇಕೋ ಬೇಡವೋ ಎಂಬುದು ಆ ಎಣಿಕೆಯಿಂದ ತೀರ್ಮಾನವಾಗಬೇಕಿತ್ತು.

"ಯಾವ ವಾರ ಅನುಕೂಲ?"

"ಆಟಿಯಲ್ಲಿ ಮಾಡುವ ಸಾರ್. ಗದ್ದೆಯಲ್ಲಿ ಭತ್ತದ ನೇಜಿ ನೆಟ್ಟು ಮುಗಿದಿರುತ್ತದೆ, ಎಣಿಸಲಿಕ್ಕೆ ಜನ ಸಿಗುತ್ತಾರೆ."

ಜುಲೈ ಕೊನೆಯ ವಾರ ನಾಲ್ವರು ಕೊಡೆ ಹಿಡಿದು ಕುಳಿತು ಎಣಿಸಿದರು. ಹಂಚು ಎಂಬತ್ತನಾಲ್ಕು ಲಾರಿ, ಅಕ್ಕಿ ಐವತ್ತೇಳು, ಮೀನು ಮೂರು. ಪಟ್ಟಿ ಇಂಜಿನಿಯರರ ಕೈ ಸೇರಿತು.

ಮರುದಿನ ಮೀನು ಮಾರುವ ಸುಂದರಿ ಅದನ್ನು ಕೇಳಿ ಬುಟ್ಟಿ ಇಳಿಸಿ ನಕ್ಕಳು.

"ಮೂರಾ! ಆಟಿಯ ಮಳೆಗಾಳಿಯಲ್ಲಿ ಯಾರಾದರೂ ಬೋಟು ಇಳಿಸುತ್ತಾರಾ ಜೋಕಿಮಣ್ಣ? ನಿಮ್ಮ ನೇಜಿ ಮುಗಿದದ್ದು ಕಡಲಿಗೆ ಗೊತ್ತುಂಟಾ? ನನ್ನ ಬುಟ್ಟಿಯಲ್ಲಿ ಎಂತ ಉಂಟು ನೋಡಿ, ಬರೀ ಒಣಮೀನು."

ಜೋಕಿಮ್ ನೇರ ಇಂಜಿನಿಯರರ ಬಳಿಗೆ ಹೋದರು.

"ಎಣಿಕೆ ಸರಿ ಉಂಟು ಸಾರ್. ವಾರ ತಪ್ಪು."

"ವರದಿ ಸೆಪ್ಟೆಂಬರ್ ಹದಿನೈದಕ್ಕೆ ಹೋಗಬೇಕು. ಇನ್ನೊಮ್ಮೆ ಎಣಿಸಲು ನನ್ನಲ್ಲಿ ಜನ ಇಲ್ಲ."

"ನಾನಿದ್ದೇನಲ್ಲ."

ಮೀನು ಹಿಡಿಯುವ ಮೊಗವೀರರು ಕಡಲಿಗೆ ಹಾಲೆರೆದು ಬೋಟು ಇಳಿಸಿದ ಮೇಲೆ, ಸೆಪ್ಟೆಂಬರ್ ಮೂರರಿಂದ ಜೋಕಿಮ್ ಒಬ್ಬರೇ ರಸ್ತೆ ಬದಿಯಲ್ಲಿ ಕುಳಿತರು. ಬೆಳಿಗ್ಗೆ ಆರರಿಂದ ಸಂಜೆ ಆರು. ಮಂಜುಗಡ್ಡೆಯ ನೀರು ಸುರಿಸುತ್ತಾ ಹೋದ ಪ್ರತಿ ಲಾರಿಗೆ ಒಂದು ಗೀಟು.

ಆರನೆಯ ದಿನ ಮೊಂತಿ ಹಬ್ಬ. ಹೊಸ ತೆನೆಯ ಊಟಕ್ಕೆ ಮನೆಮಂದಿ ಒಟ್ಟಾಗಲೇಬೇಕಾದ ದಿನ. ಹೆಂಡತಿ ಬರ್ತಾ ಮಧ್ಯಾಹ್ನ ಬುತ್ತಿ ಹಿಡಿದು ರಸ್ತೆಗೇ ಬಂದಳು.

"ಹೊಸ ಊಟಕ್ಕೂ ಮನೆ ಬೇಡವಾ ನಿಮಗೆ?"

"ಲಾರಿಗೆ ಹಬ್ಬ ಇಲ್ಲ ಬರ್ತಾ."

"ತಿನ್ನಿ ಮೊದಲು. ಪೆನ್ಸಿಲ್ ಇಲ್ಲಿ ಕೊಡಿ."

ಅವರು ಕೈತೊಳೆದು ಬರುವಷ್ಟರಲ್ಲಿ ಬರ್ತಾ ಎರಡು ಗೀಟು ಹಾಕಿದ್ದಳು.

ವಾರದ ಕೊನೆಗೆ ಮೀನಿನ ಲಾರಿ ನೂರಹದಿನೆಂಟು. ಜೋಕಿಮ್ ಎರಡೂ ಪಟ್ಟಿಗಳನ್ನು ಒಟ್ಟಿಗೆ ಕೊಟ್ಟರು. ಮೊದಲನೆಯದರ ಕೆಳಗೆ ಬರೆದಿದ್ದರು: "ಈ ವಾರವನ್ನು ಆರಿಸಿದವನು ನಾನು. ಆಗ ಬೋಟುಗಳು ಕಡಲಿಗೆ ಇಳಿದಿರಲಿಲ್ಲ."

ಇಂಜಿನಿಯರರು ಎರಡು ಸಲ ಓದಿದರು. ಆಮೇಲೆ ನಕ್ಷೆ ಬಿಡಿಸಿ, ಉಡುಪಿ ಎಂದಿದ್ದಲ್ಲಿ ಮುಖ್ಯ ಹಳಿಯ ಪಕ್ಕಕ್ಕೆ ಪೆನ್ಸಿಲಿನಿಂದ ಇನ್ನೊಂದು ಗೆರೆ ಎಳೆದರು.

"ಇದು ನಿಮ್ಮ ಮೀನಿನದ್ದು."

ಜೋಕಿಮ್ ಬಗ್ಗಿ ನೋಡಿದರು.

"ಎಷ್ಟು ವ್ಯಾಗನ್ ನಿಲ್ಲುತ್ತದೆ ಸಾರ್?"

"ಹನ್ನೆರಡು."

"ಹದಿನೈದು ಮಾಡಿ. ಬಂಗುಡೆ ಮೀನಿನ ಕಾಲ ಇನ್ನೂ ಶುರುವಾಗಲಿಲ್ಲ."